ನಲುವತ್ತರಲ್ಲಿ ಹನ್ನೆರಡು: ಕಾಸರಗೋಡಿನ ಕನ್ನಡ ಮಾಧ್ಯಮದಲ್ಲಿ ಎಸ್‌ಎಸ್‌ಎಲ್‌ಸಿಯ ಒಂದು ವರ್ಷ

ಮೇ ತಿಂಗಳಲ್ಲಿ ಫಲಿತಾಂಶ ಬಂದ ಮರುದಿನ ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಶಾಲೆಗಳ ಗೇಟಿನಲ್ಲಿ ಫ್ಲೆಕ್ಸ್ ಏರುತ್ತದೆ: 'ನೂರಕ್ಕೆ ನೂರು'. ಮಕ್ಕಳ ಸಂತೋಷದಲ್ಲಿ ಪಾಲುಗೊಳ್ಳಬೇಕಾದ್ದೇ. ಆದರೆ ಶಾಲೆಯ ಒಳಗೆ ಕುಳಿತು ಫಲಿತಾಂಶ ನೋಡುವವರಿಗೆ ಆ ಅಂಕೆಯಿಂದ ಏನೂ ತಿಳಿಯುವುದಿಲ್ಲ. 2024ರಲ್ಲಿ ಕೇರಳದ ಎಸ್‌ಎಸ್‌ಎಲ್‌ಸಿ ಫಲಿತಾಂಶ ಶೇಕಡಾ 99.69, 2025ರಲ್ಲಿ 99.5. ಇಡೀ ರಾಜ್ಯವೇ ಅಲ್ಲಿ ನಿಂತಿರುವಾಗ ನೂರು ಬಂದ ಶಾಲೆಗೂ ತೊಂಬತ್ತೆಂಟು ಬಂದ ಶಾಲೆಗೂ ಇರುವ ಅಂತರ ಒಂದೋ ಎರಡೋ ಮಕ್ಕಳದು. ಉಳಿದ ಮಕ್ಕಳಿಗೆ ಎಷ್ಟು ಬಂತು, ಎಲ್ಲಿ ಹೋಯಿತು ಎಂಬುದು ಉತ್ತರ ಪತ್ರಿಕೆ ಬಿಡಿಸಿದರೆ ಮಾತ್ರ ಕಾಣುವಂಥದ್ದು.

ಮೊದಲು ಲೆಕ್ಕ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಹಿಂದಿ ಮತ್ತು ಪ್ರಥಮ ಭಾಷೆಯ ಎರಡು ಪತ್ರಿಕೆಗಳಿಗೆ ಬರವಣಿಗೆ 40, ಸಿ.ಇ. (ಶಾಲೆಯಲ್ಲೇ ನಡೆಯುವ ನಿರಂತರ ಮೌಲ್ಯಮಾಪನ) 10, ಒಟ್ಟು 50. ಗಣಿತ, ಸಮಾಜ ವಿಜ್ಞಾನ, ಇಂಗ್ಲಿಷಿಗೆ ಬರವಣಿಗೆ 80, ಸಿ.ಇ. 20, ಒಟ್ಟು 100. ಐ.ಟಿ.ಗೆ 50. ಎಲ್ಲ ಸೇರಿ 650. ಮಂಗಳೂರಿನ ನೆಂಟರು '625ಕ್ಕೆ ಎಷ್ಟು ಬಂತು' ಎಂದು ಕೇಳಿದರೆ ನಮ್ಮ ಮಕ್ಕಳು ತಬ್ಬಿಬ್ಬಾಗುವುದು ಇದಕ್ಕೇ. ಆ ಲೆಕ್ಕ ಕರ್ನಾಟಕದ್ದು, ಇಲ್ಲಿ ಫಲಿತಾಂಶದಲ್ಲಿ ಬರುವುದು ಗ್ರೇಡು. ಶೇಕಡಾ 90 ಮುಟ್ಟಿದರೆ ಎ ಪ್ಲಸ್, ಅಲ್ಲಿಂದ ಹತ್ತು ಹತ್ತು ಇಳಿಯುತ್ತಾ 30ರಿಂದ 39ರವರೆಗೆ ಡಿ ಪ್ಲಸ್. ಮುಂದೆ ಓದಲು ಎಲ್ಲ ವಿಷಯಗಳಲ್ಲೂ ಕನಿಷ್ಠ ಡಿ ಪ್ಲಸ್ ಬೇಕು.

ಇಲ್ಲಿಯವರೆಗೆ ಆ 30ನ್ನು ಸಿ.ಇ. ಸೇರಿಸಿ ಲೆಕ್ಕ ಹಾಕಲಾಗುತ್ತಿತ್ತು. ಐವತ್ತರ ವಿಷಯದಲ್ಲಿ 15 ಬೇಕು, ಸಿ.ಇ.ಯಲ್ಲಿ ಪೂರ್ತಿ 10 ಇದ್ದ ಮಗುವಿಗೆ ಬರವಣಿಗೆಯಲ್ಲಿ 5 ಸಾಕು. ನೂರರ ವಿಷಯದಲ್ಲಿ ಎಂಬತ್ತಕ್ಕೆ 10 ಸಾಕು. ನಲುವತ್ತಕ್ಕೆ ಐದು ಬರೆದ ಮಗು ಆ ವಿಷಯ ಕಲಿತಿದೆ ಎಂದು ಯಾವ ಅಧ್ಯಾಪಕರೂ ಎದೆ ಮುಟ್ಟಿ ಹೇಳಲಾರರು, ಆದರೂ ಆ ಮಗು ನೂರಕ್ಕೆ ನೂರರ ಫ್ಲೆಕ್ಸಿನೊಳಗೇ ಇರುತ್ತದೆ. 2024ರಲ್ಲಿ ಸರಕಾರ ಬರವಣಿಗೆಯಲ್ಲೇ ಪ್ರತ್ಯೇಕವಾಗಿ ಶೇಕಡಾ 30 ಇರಬೇಕೆಂದು ನಿರ್ಧರಿಸಿತು. 2024-25ರಲ್ಲಿ ಎಂಟನೇ ತರಗತಿ, 2025-26ರಲ್ಲಿ ಒಂಬತ್ತು, 2026-27ರಲ್ಲಿ ಹತ್ತು ಎಂಬುದು ಅದರ ಕ್ರಮ. ಹಾಗಾದರೆ ನಲುವತ್ತಕ್ಕೆ 12, ಎಂಬತ್ತಕ್ಕೆ 24. ಐದು ಮತ್ತು ಹನ್ನೆರಡರ ನಡುವಿನ ಆ ಏಳು ಅಂಕಗಳ ಜಾಗದಲ್ಲಿ ಪ್ರತಿ ತರಗತಿಯಲ್ಲೂ ಕೆಲವು ಮಕ್ಕಳಿದ್ದಾರೆ. ಇಷ್ಟು ವರ್ಷ ಅವರು ಕಣ್ಣಿಗೆ ಬೀಳುತ್ತಿರಲಿಲ್ಲ. ಈಗ ಅವರನ್ನು ಹೆಸರು ಹಿಡಿದು ಗುರುತಿಸಬೇಕಾಗಿದೆ. ಇದು ಬಹಳ ಹಿಂದೆಯೇ ಆಗಬೇಕಿದ್ದ ಕೆಲಸ.

ಗುರುತಿಸುವ ಕೆಲಸ ಓಣಂ ಪರೀಕ್ಷೆಯ, ಎಂದರೆ ವರ್ಷದ ಮೊದಲ ಅವಧಿ ಪರೀಕ್ಷೆಯ, ಪತ್ರಿಕೆಗಳಿಂದ ಶುರುವಾಗುತ್ತದೆ. ಜೂನ್, ಜುಲೈಯಲ್ಲಿ ಮಳೆಯ ರಜೆಗಳು ಪಾಠ ತಿನ್ನುವುದರಿಂದ ಅದಕ್ಕಿಂತ ಮೊದಲಿನ ಕಿರುಪರೀಕ್ಷೆಗಳನ್ನು ನಂಬಿ ತೀರ್ಮಾನಕ್ಕೆ ಬರುವುದು ಕಷ್ಟ. ಪತ್ರಿಕೆ ತಿದ್ದಿದ ಮೇಲೆ ಒಟ್ಟು ಅಂಕವನ್ನು ರಿಜಿಸ್ಟರಿಗೆ ಏರಿಸಿ ಕಟ್ಟು ಕಟ್ಟಿಡುವುದು ರೂಢಿ. ಹಾಗೆ ಮಾಡದೆ ಒಂದು ದೊಡ್ಡ ಹಾಳೆ ತೆಗೆದುಕೊಂಡು ಎಡಬದಿಯಲ್ಲಿ ಮಕ್ಕಳ ಹೆಸರು, ಮೇಲುಗಡೆ ಪ್ರಶ್ನೆ ಸಂಖ್ಯೆ ಹಾಕಿ ಪ್ರತಿ ಪ್ರಶ್ನೆಗೆ ಬಂದ ಅಂಕವನ್ನು ಬೇರೆ ಬೇರೆಯಾಗಿ ತುಂಬಬೇಕು. ಮೂವತ್ತು ಮಕ್ಕಳ ತರಗತಿಗೆ ಒಬ್ಬರು ಓದಿ ಇನ್ನೊಬ್ಬರು ಬರೆದರೆ ಒಂದು ವಿಷಯಕ್ಕೆ ಒಂದು ಒಂದೂವರೆ ಗಂಟೆ. ಕಂಪ್ಯೂಟರಿನಲ್ಲಿ ಮಾಡಬಹುದು, ಆದರೆ ಸ್ಟಾಫ್ ರೂಮಿನ ಮೇಜಿನ ಮೇಲೆ ಹರಡಿದ ಕಾಗದವನ್ನು ನಾಲ್ಕು ಜನ ಒಟ್ಟಿಗೆ ಬಗ್ಗಿ ನೋಡುವುದರಲ್ಲಿ ಬೇರೆಯೇ ಪ್ರಯೋಜನವಿದೆ. 'ಈ ಹುಡುಗಿ ನನ್ನ ವಿಷಯದಲ್ಲೂ ಹೀಗೆಯೇ' ಎಂಬ ಮಾತು ಆಗಲೇ ಹೊರಬರುತ್ತದೆ.

ತುಂಬುವಾಗ ಒಂದು ನಿಯಮವನ್ನು ಬಿಡಬಾರದು. ಬರೆದು ತಪ್ಪಿದ್ದಕ್ಕೆ ಸೊನ್ನೆ, ಏನೂ ಬರೆಯದೆ ಬಿಟ್ಟದ್ದಕ್ಕೆ ಅಡ್ಡಗೆರೆ. ಎರಡಕ್ಕೂ ಸೊನ್ನೆ ಹಾಕಿದರೆ ಹಾಳೆಯ ಅರ್ಧ ಬೆಲೆ ಹೋಯಿತು. ಸೊನ್ನೆ ಎಂದರೆ ಮಗು ಏನನ್ನೋ ತಪ್ಪಾಗಿ ತಿಳಿದುಕೊಂಡಿದೆ, ಅದನ್ನು ತಿದ್ದಬಹುದು. ಅಡ್ಡಗೆರೆ ಪತ್ರಿಕೆಯ ಕೊನೆಯಲ್ಲಿ ಸಾಲಾಗಿ ಬಂದಿದ್ದರೆ ಸಮಯ ಸಾಲಲಿಲ್ಲ. ನಡುವೆ ಅಲ್ಲಲ್ಲಿ ಬಂದಿದ್ದರೆ ಹೆಚ್ಚಿನ ಸಲ ಪ್ರಶ್ನೆಯ ಮಾತೇ ಅರ್ಥವಾಗಿಲ್ಲ. ಒಂದೇ ಪಾಠದ ಪ್ರಶ್ನೆಗಳಲ್ಲೆಲ್ಲ ಬಂದಿದ್ದರೆ ಆ ದಿನಗಳಲ್ಲಿ ಮಗು ಶಾಲೆಗೆ ಬಂದಿಲ್ಲ. ಹಾಜರಿ ಪುಸ್ತಕ ತೆಗೆದು ನೋಡಿದರೆ ಗೊತ್ತಾಗುತ್ತದೆ. ಇನ್ನು ಮೇಲಿನಿಂದ ಕೆಳಕ್ಕೆ ಓದಿದಾಗ ಒಂದು ಪ್ರಶ್ನೆಯ ಸಾಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಅಂಕ ಕಳೆದುಕೊಂಡಿದ್ದರೆ ತಪ್ಪು ಮಕ್ಕಳದಲ್ಲ, ಪಾಠದ್ದು. ಇದನ್ನು ಒಪ್ಪಿಕೊಳ್ಳಲು ಅಧ್ಯಾಪಕರಿಗೆ ಸ್ವಲ್ಪ ಧೈರ್ಯ ಬೇಕು. ಆ ಪಾಠವನ್ನು ಇಡೀ ತರಗತಿಗೆ ಮತ್ತೊಮ್ಮೆ, ಬೇರೆ ದಾರಿಯಲ್ಲಿ ಮಾಡಬೇಕು. ಮೂರು ನಾಲ್ಕು ಮಕ್ಕಳು ಮಾತ್ರವಾದರೆ ಸಂಜೆಯ ವಿಶೇಷ ತರಗತಿ ಸಾಕು.

ಕಾಸರಗೋಡಿನಲ್ಲಿ ಈ ಹಾಳೆ ತೋರಿಸುವ ಅತಿ ದೊಡ್ಡ ಸೋರಿಕೆ ಭಾಷೆಯದು. ಕನ್ನಡ ಮಾಧ್ಯಮದಲ್ಲಿ ಕುಳಿತ ಮಕ್ಕಳಲ್ಲಿ ಮನೆಯಲ್ಲಿ ತುಳು, ಹವ್ಯಕ, ಕೊಂಕಣಿ, ಬ್ಯಾರಿ, ಮರಾಠಿ, ಮಲಯಾಳ ಆಡುವವರೇ ಹೆಚ್ಚು. ಪುಸ್ತಕದ ಕನ್ನಡ ಅವರಿಗೆ ಶಾಲೆಯಲ್ಲಿ ಸಿಗುವ ಭಾಷೆ. ಪ್ರಥಮ ಭಾಷೆಯ ಒಂದನೇ ಪತ್ರಿಕೆಗೆ ಸಂಸ್ಕೃತ, ಅರಬಿ ಅಥವಾ ಉರ್ದು ಆರಿಸಿಕೊಂಡ ಮಗುವಿಗೆ ಕನ್ನಡ ಸಿಗುವುದು ಎರಡನೇ ಪತ್ರಿಕೆಯಲ್ಲಿ ಮಾತ್ರ. ಅದರ ಮೇಲೆ ವಿಜ್ಞಾನ, ಗಣಿತ, ಸಮಾಜದ ಪ್ರಶ್ನೆಗಳು ಅನುವಾದವಾಗಿ ಬರುತ್ತವೆ. ಮೂರು ಸಾಲು ಉದ್ದದ ವಾಕ್ಯದ ಕೊನೆಯಲ್ಲಿ ಕ್ರಿಯಾಪದ ಬರುವಷ್ಟರಲ್ಲಿ ಏನು ಕೇಳಿದ್ದಾರೆಂಬುದು ಮಗುವಿನ ಕೈತಪ್ಪಿರುತ್ತದೆ. ಮಂಗಳೂರಿನಿಂದ ತಂದ ಗೈಡು ಇದಕ್ಕೆ ಮದ್ದಲ್ಲ. ಅಲ್ಲಿಯ ಪಠ್ಯವೇ ಬೇರೆ, ಪಾರಿಭಾಷಿಕ ಪದಗಳೂ ಕೆಲವು ಕಡೆ ಬೇರೆ. ಮಗು ಒಂದೇ ವಸ್ತುವಿಗೆ ಎರಡು ಹೆಸರು ಕಲಿತು ಎರಡನ್ನೂ ಅರೆಬರೆ ಬರೆಯುತ್ತದೆ. ಕನ್ನಡ ತಿಳಿಯದ ಅಧ್ಯಾಪಕರನ್ನು ಕನ್ನಡ ಮಾಧ್ಯಮದ ಹುದ್ದೆಗೆ ನೇಮಿಸಿದ್ದಕ್ಕೆ ಜಿಲ್ಲೆಯಲ್ಲಿ ಪ್ರತಿಭಟನೆಗಳು ನಡೆದದ್ದು ಎಲ್ಲರಿಗೂ ಗೊತ್ತು. ಅಂಥ ಒಂದು ವರ್ಷ ಕಳೆದ ತರಗತಿಯ ಹಾಳೆಯಲ್ಲಿ ಆ ವಿಷಯದ ಅಡ್ಡಗೆರೆಗಳೇ ಸಾಕ್ಷಿ ಹೇಳುತ್ತವೆ. ಎಂಟರಲ್ಲಿ ತಪ್ಪಿದ್ದು ಹತ್ತರಲ್ಲಿ ಕಾಣಿಸಿಕೊಳ್ಳುತ್ತದೆ.

ಇದಕ್ಕೆ ಮಾಡಬಹುದಾದ ಕೆಲಸ ದೊಡ್ಡದಲ್ಲ, ಆದರೆ ದಿನವೂ ಮಾಡಬೇಕು. ಪ್ರಶ್ನೆಯ ಆಜ್ಞಾಪದಗಳನ್ನು ಬೇರೆಯಾಗಿ ಕಲಿಸಬೇಕು. 'ಪಟ್ಟಿ ಮಾಡಿರಿ' ಎಂದರೆ ಹೆಸರುಗಳು ಸಾಕು. 'ವಿವರಿಸಿರಿ' ಎಂದರೆ ಹೇಗೆ ಎಂಬುದು ಬೇಕು. 'ಸಮರ್ಥಿಸಿರಿ' ಎಂದರೆ ಕಾರಣ ಬೇಕು. 'ಹೌದು, ಸರಿ' ಎಂದು ಬರೆದು ಬಿಡುವ ಮಕ್ಕಳು ಪ್ರತಿ ತರಗತಿಯಲ್ಲೂ ಇದ್ದಾರೆ, ಉತ್ತರ ಗೊತ್ತಿದ್ದೂ ಅಂಕ ಬಾರದವರು ಇವರೇ. 'ವ್ಯತ್ಯಾಸ ಬರೆಯಿರಿ' ಎಂದಲ್ಲಿ ಎರಡು ಕಡೆಯನ್ನೂ ಎದುರುಬದುರಾಗಿ ಬರೆಯಬೇಕು, ಒಂದನ್ನೇ ವರ್ಣಿಸಿದರೆ ಅರ್ಧ ಅಂಕವೂ ಕಷ್ಟ. ಜೀವಶಾಸ್ತ್ರದಲ್ಲಿ 'ಗುಂಪಿಗೆ ಸೇರದ್ದನ್ನು ಆರಿಸಿ, ಉಳಿದವುಗಳ ಸಾಮಾನ್ಯ ಗುಣ ಬರೆಯಿರಿ' ಎಂಬ ಮಾದರಿ ಆಗಾಗ ಬರುತ್ತದೆ. ಇನ್ಸುಲಿನ್, ಗ್ಲುಕಗಾನ್, ಥೈರಾಕ್ಸಿನ್, ಪೆಪ್ಸಿನ್ ಕೊಟ್ಟರೆ ಪೆಪ್ಸಿನ್ ಎಂದು ಬರೆದು ಮುಂದಿನ ಪ್ರಶ್ನೆಗೆ ಹಾರುತ್ತಾರೆ. ಉಳಿದವು ಹಾರ್ಮೋನುಗಳು ಎಂಬ ಎರಡು ಪದ ಬರೆಯದೆ ಪ್ರಶ್ನೆಯ ಒಂದು ಭಾಗ ಕಳೆದುಹೋಗುತ್ತದೆ.

ಎರಡನೆಯದು, ಅದಲುಬದಲಾಗುವ ಜೋಡಿ ಪದಗಳು. ಅಪಧಮನಿ ಮತ್ತು ಅಭಿಧಮನಿ, ಪೀನ ಮತ್ತು ನಿಮ್ನ ಇಂಥ ಜೋಡಿಗಳಲ್ಲಿ ಒಂದು ತಪ್ಪಿದರೆ ಉತ್ತರ ಪೂರ್ತಿ ತಿರುಗಿ ಹೋಗುತ್ತದೆ. ತರಗತಿಯ ಗೋಡೆಗೆ ಜೋಡಿ ಪದಗಳ ಒಂದು ಹಾಳೆ ಅಂಟಿಸಿ, ವಾರಕ್ಕೆ ಹತ್ತರಂತೆ ಬಾಯಲ್ಲಿ ಹೇಳಿಸಿ ಬರೆಸಿದರೆ ಕ್ರಿಸ್ಮಸ್ ಪರೀಕ್ಷೆಯ ಹೊತ್ತಿಗೆ ಸುಮಾರು ನೂರು ಪದ ಆಗುತ್ತದೆ. ಅರ್ಥವನ್ನು ತುಳುವಿನಲ್ಲೋ ಮಲಯಾಳದಲ್ಲೋ ಹೇಳಿಕೊಟ್ಟರೂ ತಪ್ಪಿಲ್ಲ. ಬರೆಯುವುದು ಕನ್ನಡದಲ್ಲಿ ಆದರೆ ಆಯಿತು.

ವಿಷಯಗಳಲ್ಲಿ ಗಣಿತವನ್ನು ಮೊದಲು ಹಿಡಿಯಬೇಕು, ಏಕೆಂದರೆ ಎಂಬತ್ತಕ್ಕೆ 24 ಎಂಬುದು ಹೆಚ್ಚಿನ ಮಕ್ಕಳು ಎಡವುವ ಜಾಗ. 17ರಲ್ಲಿ ನಿಂತ ಮಗುವಿಗೆ ಇನ್ನು 7 ಬೇಕು; ಅದನ್ನು ಫೆಬ್ರವರಿಯಲ್ಲಿ ತರಲಾಗದು. ರಚನೆಯ ಪ್ರಶ್ನೆಗಳು ಇಂಥ ಮಕ್ಕಳಿಗೆ ಒಳ್ಳೆಯ ಆಧಾರ. ತ್ರಿಕೋನಕ್ಕೆ ಅಂತರ್ವೃತ್ತ, ವೃತ್ತಕ್ಕೆ ಹೊರಬಿಂದುವಿನಿಂದ ಸ್ಪರ್ಶಕ, ಇವನ್ನು ಹತ್ತು ಸಲ ಕೈಯಾರೆ ಎಳೆದ ಮಗು ಪರೀಕ್ಷೆಯಲ್ಲಿ ಮರೆಯುವುದಿಲ್ಲ. ಕೆಡುವುದು ಎಲ್ಲಿ ಎಂದರೆ, ಚಿತ್ರ ಚೊಕ್ಕವಾಗಿರಲಿ ಎಂದು ಕಂಪಾಸಿನ ಕಂಸಗಳನ್ನು ರಬ್ಬರಿನಿಂದ ಅಳಿಸುತ್ತಾರೆ. ಅಂಕ ಇರುವುದೇ ಆ ಕಂಸಗಳಿಗೆ. ಮೊನೆ ಮೊಂಡಾದ ಪೆನ್ಸಿಲಿನಿಂದ ಎರಡು ಮಿಲಿಮೀಟರ್ ತಪ್ಪುವುದು ಇನ್ನೊಂದು; ಪರೀಕ್ಷೆಯ ಮುನ್ನಾದಿನ ಕಂಪಾಸಿನ ಸ್ಕ್ರೂ ಬಿಗಿ ಮಾಡಿದ್ದಾರೆಯೇ ಎಂದು ಪ್ರತಿ ಮಗುವಿನ ಪೆಟ್ಟಿಗೆ ತೆರೆದು ನೋಡುವುದು ವ್ಯರ್ಥ ಶ್ರಮವಲ್ಲ.

ಸಮಾಂತರ ಶ್ರೇಢಿಯಲ್ಲಿ 5, 8, 11 ಎಂದು ಕೊಟ್ಟು 100 ಇದರ ಪದವಾಗುತ್ತದೆಯೇ ಎಂದು ಕೇಳಿದರೆ ದುರ್ಬಲ ಮಕ್ಕಳು ಒಂದೊಂದೇ ಕೂಡಿಸಿಕೊಂಡು ಹೋಗಿ 'ಇಲ್ಲ' ಎನ್ನುತ್ತಾರೆ. ಉತ್ತರ ಸರಿ, ಆದರೆ ಐದು ನಿಮಿಷ ಹೋಯಿತು, ಕಾರಣವೂ ಬರಲಿಲ್ಲ. ಪದಸಂಖ್ಯೆಯ ಮೂರರಷ್ಟಕ್ಕೆ 2 ಕೂಡಿಸಿದರೆ ಪದ ಸಿಗುತ್ತದೆ. ಆದ್ದರಿಂದ 100ರಿಂದ 2 ಕಳೆದ 98ನ್ನು 3ರಿಂದ ಭಾಗಿಸಿದರೆ ಶೇಷ ಉಳಿಯುತ್ತದೆ, ಹಾಗಾಗಿ ಪದವಲ್ಲ. 101 ಆದರೆ 99ನ್ನು ಭಾಗಿಸಿ 33ನೇ ಪದ. ಈ ಎರಡು ಸಾಲನ್ನು ಬರೆಯುವ ಕ್ರಮ ಕಲಿಸಿದರೆ ಅಂಕವೂ ಸಮಯವೂ ಉಳಿಯುತ್ತದೆ.

ಭೌತಶಾಸ್ತ್ರದಲ್ಲಿ ಅಂಕ ಹೋಗುವುದು ಚಿಹ್ನೆ ಮತ್ತು ಮಾನದಲ್ಲಿ. 20 ಸೆಂಟಿಮೀಟರ್ ಸಂಗಮ ದೂರದ ಪೀನ ಮಸೂರದಿಂದ 30 ಸೆಂಟಿಮೀಟರ್ ದೂರದಲ್ಲಿ ವಸ್ತುವಿದ್ದರೆ ಬಿಂಬ 60 ಸೆಂಟಿಮೀಟರಿನಲ್ಲಿ ಬರಬೇಕು. ವಸ್ತುವಿನ ದೂರಕ್ಕೆ ಋಣ ಚಿಹ್ನೆ ಹಾಕದವರಿಗೆ 12 ಬರುತ್ತದೆ. ಉತ್ತರ ಪತ್ರಿಕೆಯಲ್ಲಿ 12 ಕಂಡ ಕೂಡಲೇ ಮಗು ಎಲ್ಲಿ ತಪ್ಪಿತೆಂದು ತಿಳಿಯುತ್ತದೆ. ಅದನ್ನೇ ಹಾಳೆಯಲ್ಲಿ ಗುರುತು ಹಾಕಿಡಬೇಕು. ಅದೇ ಮಸೂರದ ಸಾಮರ್ಥ್ಯ ಕೇಳಿದಾಗ 20ನ್ನು 0.2 ಮೀಟರ್ ಮಾಡಿದರೆ 5 ಡಯಾಪ್ಟರ್, ಮಾಡದಿದ್ದರೆ 0.05. ಲೆಕ್ಕ ಬಾರದ ಮಗುವೂ ಸೂತ್ರ, ದತ್ತ ಬೆಲೆಗಳು, ಮಾನ ಈ ಮೂರನ್ನು ಬರೆದಿಡಬೇಕು. ಅಷ್ಟಕ್ಕೂ ಅಂಕದ ಒಂದು ಪಾಲಿದೆ. 9ರಲ್ಲಿ ನಿಂತ ಮಗು 12 ಮುಟ್ಟುವುದು ಇಂಥ ಅರ್ಧ, ಒಂದು ಅಂಕಗಳನ್ನು ಹೆಕ್ಕಿಯೇ.

ರಸಾಯನಶಾಸ್ತ್ರದಲ್ಲಿ ಇಂಗಾಲದ ಸರಪಳಿಗೆ ಹೆಸರಿಡುವಾಗ ಶಾಖೆಗೆ ಹತ್ತಿರದ ತುದಿಯಿಂದ ಎಣಿಸದೆ 3-ಮೀಥೈಲ್ ಬ್ಯೂಟೇನ್ ಎಂದು ಬರೆಯುವುದು ಪ್ರತಿ ವರ್ಷದ ತಪ್ಪು. ಅದು 2-ಮೀಥೈಲ್ ಬ್ಯೂಟೇನ್. ಜೀವಶಾಸ್ತ್ರದಲ್ಲಿ 'ಚಿತ್ರ ನಕಲಿಸಿ, ಸೂಚನೆಗೆ ತಕ್ಕ ಭಾಗಗಳನ್ನು ಗುರುತಿಸಿ' ಎಂದಾಗ ಭಾಗದ ಹೆಸರು ಗೊತ್ತಿಲ್ಲವೆಂದು ಚಿತ್ರವನ್ನೇ ಬಿಡುತ್ತಾರೆ. ಚಿತ್ರ ಬರೆದದ್ದಕ್ಕೆ ಬೇರೆ ಅಂಕವಿದೆ, ಅದು ಕಣ್ಣೆದುರೇ ಅಚ್ಚಾಗಿರುತ್ತದೆ. ಸಮಾಜ ವಿಜ್ಞಾನದಲ್ಲಿ ನಕ್ಷೆ ಮತ್ತು ಹೊಂದಿಸಿ ಬರೆಯುವುದು ನಿಶ್ಚಿತ ಅಂಕ. ನಕ್ಷೆಯನ್ನು ಉತ್ತರ ಪತ್ರಿಕೆಯೊಂದಿಗೆ ಕಟ್ಟಿದ್ದಾರೆಯೇ ಎಂದು ನೋಡಿಕೊಳ್ಳಲು ಮಕ್ಕಳಿಗೆ ಮತ್ತೆ ಮತ್ತೆ ಹೇಳಬೇಕು.

ಹಳೆಯ ಪ್ರಶ್ನೆ ಪತ್ರಿಕೆಗಳ ಬಗ್ಗೆ ಒಂದು ಎಚ್ಚರಿಕೆ. 2025-26ರಲ್ಲಿ ಹತ್ತನೇ ತರಗತಿಯ ಪಠ್ಯ ಬದಲಾಯಿತು. ಅದಕ್ಕೂ ಹಿಂದಿನ ಪತ್ರಿಕೆಗಳ ಕಟ್ಟನ್ನು ಹಾಗೆಯೇ ಮಕ್ಕಳಿಗೆ ಕೊಟ್ಟರೆ ಇಲ್ಲದ ಪಾಠದ ಪ್ರಶ್ನೆ ಕಂಡು ಹೆದರುತ್ತಾರೆ. ಪ್ರಶ್ನೆಗಳನ್ನು ಕತ್ತರಿಸಿ ಪಾಠವಾರು ಅಂಟಿಸಿ, ಇಲ್ಲದ್ದನ್ನು ತೆಗೆದು ಜೆರಾಕ್ಸ್ ಮಾಡಿಸಬೇಕು.

ನವೆಂಬರಿನಿಂದ ಕೆಲಸ ಇಕ್ಕಟ್ಟಾಗುತ್ತದೆ. ಕಲೋತ್ಸವ, ಯಕ್ಷಗಾನದ ಅಭ್ಯಾಸ, ಕ್ರೀಡೆ ಎಲ್ಲ ಒಟ್ಟಿಗೆ. ಮಕ್ಕಳನ್ನು ಅದರಿಂದ ತಡೆಯುವುದು ಸರಿಯಲ್ಲ. ತಪ್ಪಿದ ಪಾಠಗಳ ಪಟ್ಟಿ ಮಾಡಿಟ್ಟರೆ ಆಯಿತು. ಸಂಜೆಯ ತರಗತಿ ನಾಲ್ಕೂವರೆಗೆ ಮುಗಿಯಲೋ ಐದೂವರೆಗೋ ಎಂಬುದನ್ನು ತೀರ್ಮಾನಿಸುವುದು ಪೆರ್ಲ, ಬಾಯಾರು, ಅಡೂರಿನಂಥ ಕಡೆ ಮುಖ್ಯೋಪಾಧ್ಯಾಯರಲ್ಲ, ಬಸ್ಸು. ಆದ್ದರಿಂದ ಮಕ್ಕಳನ್ನು ಅಂಕದ ಪ್ರಕಾರ ಮಾತ್ರವಲ್ಲ, ದಾರಿಯ ಪ್ರಕಾರವೂ ಗುಂಪು ಮಾಡಬೇಕು. ಹತ್ತಿರದವರಿಗೆ ಸಂಜೆ, ದೂರದವರಿಗೆ ಮಧ್ಯಾಹ್ನ ಊಟದ ನಂತರದ ಇಪ್ಪತ್ತು ನಿಮಿಷ. ಸಂಜೆ ನಿಲ್ಲಿಸುವುದಾದರೆ ತಿಂಡಿ ಬೇಕೇ ಬೇಕು. ಹಸಿದ ಮಗುವಿಗೆ ತ್ರಿಕೋನಮಿತಿ ಹತ್ತದು.

ಇದೇ ಹೊತ್ತಿಗೆ ಕಚೇರಿಯ ಕೆಲಸವೂ ಬರುತ್ತದೆ. ಎ ಲಿಸ್ಟಿನಲ್ಲಿ, ಎಂದರೆ ಪರೀಕ್ಷೆ ಬರೆಯುವ ಮಕ್ಕಳ ಪಟ್ಟಿಯಲ್ಲಿ, ಹೆಸರು, ಜನ್ಮ ದಿನಾಂಕ, ಮಾಧ್ಯಮ, ಆರಿಸಿದ ಭಾಷೆ ಇವನ್ನು ಪ್ರವೇಶ ರಿಜಿಸ್ಟರಿನೊಂದಿಗೆ ತಾಳೆ ನೋಡಬೇಕು. ಮಾಧ್ಯಮದ ಕಡೆ ತಪ್ಪಿದರೆ ಪರೀಕ್ಷೆಯ ದಿನ ಬೇರೆ ಭಾಷೆಯ ಪ್ರಶ್ನೆ ಪತ್ರಿಕೆ ಕೈಗೆ ಬರುತ್ತದೆ. ಬರೆಯಲು ಸಹಾಯಕರು ಬೇಕಾದ ಮಕ್ಕಳ ವೈದ್ಯಕೀಯ ಪ್ರಮಾಣ ಪತ್ರಗಳನ್ನು ಕೊನೆ ದಿನದವರೆಗೆ ಇಟ್ಟುಕೊಂಡರೆ ಅನುಮತಿ ಸಿಗದೆ ಮಗು ಕಷ್ಟಕ್ಕೆ ಬೀಳುತ್ತದೆ. ಐ.ಟಿ. ಪ್ರಾಯೋಗಿಕದಲ್ಲಿ ಹೇಳಿದ ಹೆಸರಿನಲ್ಲಿ, ಹೇಳಿದ ಫೋಲ್ಡರಿನಲ್ಲಿ ಉಳಿಸದಿರುವುದೊಂದೇ ದೊಡ್ಡ ತಪ್ಪು, ಉಳಿದದ್ದು ಅಭ್ಯಾಸ.

ಫೆಬ್ರವರಿಯ ಮೋಡೆಲ್ ಪರೀಕ್ಷೆಯನ್ನು ಅಂಕಕ್ಕಾಗಿ ಅಲ್ಲ, ಸಮಯಕ್ಕಾಗಿ ನೋಡಬೇಕು. ನಲುವತ್ತರ ಪತ್ರಿಕೆಗೆ ಒಂದೂವರೆ ಗಂಟೆ, ಎಂದರೆ ಅಂಕವೊಂದಕ್ಕೆ ಎರಡೂಕಾಲು ನಿಮಿಷ. ಎಂಬತ್ತರ ಪತ್ರಿಕೆಗೆ ಎರಡೂವರೆ ಗಂಟೆ, ಅಂಕವೊಂದಕ್ಕೆ ಎರಡು ನಿಮಿಷಕ್ಕೂ ಕಡಿಮೆ. ಗಣಿತ, ಸಮಾಜದಲ್ಲಿ ಕೊನೆಯ ಪ್ರಶ್ನೆಗಳು ಉಳಿಯುವುದಕ್ಕೆ ಇದೇ ಕಾರಣ. ಇದರ ಮೊದಲು ಸಿಗುವ 15 ನಿಮಿಷದ ಕೂಲ್ ಆಫ್ ಸಮಯವನ್ನು (ಬರೆಯದೆ ಪ್ರಶ್ನೆ ಓದಲೆಂದೇ ಕೊಡುವ ಹೊತ್ತು) ನಮ್ಮ ಮಕ್ಕಳು ಸುತ್ತ ನೋಡುತ್ತಾ ಕಳೆಯುತ್ತಾರೆ. ಪರಭಾಷೆಯಂತೆ ಕನ್ನಡ ಓದುವ ಮಗುವಿಗೆ ಅದಕ್ಕಿಂತ ಬೆಲೆಬಾಳುವ ಹೊತ್ತು ಬೇರೆ ಇಲ್ಲ. ಪೆನ್ನು ಕೆಳಗಿಟ್ಟು ಒಮ್ಮೆ ಪೂರ್ತಿ ಓದಬೇಕು. ಎರಡನೇ ಸಲ ಆಯ್ಕೆಯಿರುವ ಕಡೆ ಯಾವುದನ್ನು ಬರೆಯುವುದೆಂದು ತೀರ್ಮಾನಿಸಬೇಕು. ಕೊನೆಯ ಮೂರು ನಿಮಿಷದಲ್ಲಿ ಯಾವುದರಿಂದ ಶುರು ಮಾಡುವುದೆಂದು ಮನಸ್ಸಿನಲ್ಲಿ ಕ್ರಮ ಕಟ್ಟಬೇಕು. ಇದನ್ನು ಜನವರಿಯಿಂದ ಪ್ರತಿ ಕಿರುಪರೀಕ್ಷೆಯಲ್ಲೂ ಗಡಿಯಾರ ಇಟ್ಟು ಮಾಡಿಸದಿದ್ದರೆ ಮಾರ್ಚಿನಲ್ಲಿ ತಾನಾಗಿ ಬರುವುದಿಲ್ಲ.

ಪ್ರಶ್ನೆಯ ಕನ್ನಡದಲ್ಲೇ ತಪ್ಪು ಕಂಡರೆ ಬಿಡಬಾರದೆಂದು ಮಕ್ಕಳಿಗೆ ಹೇಳಿರಬೇಕು. ಪ್ರಶ್ನೆ ಸಂಖ್ಯೆ ಹಾಕಿ ತಿಳಿದಷ್ಟು ಬರೆದಿದ್ದರೆ, ಮುಂದೆ ಆ ಪ್ರಶ್ನೆಗೆ ಅಂಕ ಕೊಡುವ ತೀರ್ಮಾನ ಬಂದಾಗ ಪ್ರಯತ್ನಿಸಿದವರಿಗೆ ಸಿಗುವ ಸಾಧ್ಯತೆಯಿದೆ. ಅಧ್ಯಾಪಕರು ಅದೇ ಸಂಜೆ ಪ್ರಶ್ನೆ ಸಂಖ್ಯೆ, ತಪ್ಪಿದ ಪದ, ಸರಿಯಾದ ಪದ ಮೂರನ್ನೂ ಬರೆದು ಮೇಲಕ್ಕೆ ತಿಳಿಸಬೇಕು. ಮೌಲ್ಯಮಾಪನ ಶುರುವಾದ ಮೇಲೆ ಹೇಳಿ ಫಲವಿಲ್ಲ.

ಫಲಿತಾಂಶದ ನಂತರ ಮರುಮೌಲ್ಯಮಾಪನ, ಉತ್ತರ ಪತ್ರಿಕೆಯ ನಕಲು, ಅಂಕ ಮರುಎಣಿಕೆ ಇವಕ್ಕೆ ಅರ್ಜಿ ಹಾಕಲು ಕೆಲವೇ ದಿನ ಸಿಗುತ್ತದೆ. ಮೋಡೆಲ್ ಪರೀಕ್ಷೆಯ ಹಾಳೆ ಆಗ ಮತ್ತೆ ಕೆಲಸಕ್ಕೆ ಬರುತ್ತದೆ. ಮೋಡೆಲಿನಲ್ಲಿ ಬರವಣಿಗೆಯಲ್ಲಿ 34, 35 ಪಡೆದ ಮಗುವಿಗೆ ಬಿ ಪ್ಲಸ್ ಬಂದಿದ್ದರೆ ಅರ್ಜಿ ಹಾಕಿಸಬೇಕು, ಸಿ.ಇ. 10 ಇದ್ದವರಿಗೆ 35 ಎಂದರೆ ಎ ಪ್ಲಸ್. ಸುಮ್ಮನೆ ಆಸೆಗೆ ಎಲ್ಲ ವಿಷಯಕ್ಕೂ ಹಣ ಕಟ್ಟಿಸುವುದು ಬೇಡ. ಪ್ಲಸ್ ವನ್ (ಹನ್ನೊಂದನೇ ತರಗತಿ) ಪ್ರವೇಶ ಗ್ರೇಡಿನ ಅಂಕದ ಮೇಲೆ ನಡೆಯುವುದರಿಂದ, ಎ ಪ್ಲಸ್‌ಗೆ 9, ಎಗೆ 8, ಬಿ ಪ್ಲಸ್‌ಗೆ 7 ಎಂಬ ಲೆಕ್ಕದಲ್ಲಿ ಒಂದು ಮೆಟ್ಟಿಲು ಏರಿದರೂ ಮನೆಯ ಹತ್ತಿರದ ಶಾಲೆ ಸಿಗುವುದೋ ಇಲ್ಲವೋ ಎಂಬುದು ಬದಲಾಗಬಹುದು. ಡಿ ಪ್ಲಸ್ ತಪ್ಪಿದವರನ್ನು ಅದೇ ದಿನ ಫೋನಿನಲ್ಲಿ ಹಿಡಿದು ಸೇ ಪರೀಕ್ಷೆಯ (ವರ್ಷ ಹಾಳಾಗದಂತೆ ಮತ್ತೆ ಬರೆಯುವ ಪರೀಕ್ಷೆ) ಅರ್ಜಿ ತುಂಬಿಸಬೇಕು; ಒಂದು ವಾರ ತಡೆದರೆ ಮಗು ಕೆಲಸಕ್ಕೆ ಹೋಗಿರುತ್ತದೆ.

ಆ ವರ್ಷದ ಹಾಳೆಗಳನ್ನು ರದ್ದಿಗೆ ಹಾಕದೆ ಜೂನಿನ ಮೊದಲ ವಾರ ಎಂಟನೇ ಮತ್ತು ಒಂಬತ್ತನೇ ತರಗತಿಯ ಅಧ್ಯಾಪಕರ ಮೇಜಿನ ಮೇಲಿಡಬೇಕು. ಹೆಸರುಗಳ ಮೇಲೆ ಕಾಗದ ಮುಚ್ಚಿ, ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ ಪ್ರಶ್ನೆಗಳು ಮಾತ್ರ ಕಾಣುವಂತೆ.